ಶಿಕಾಗೊ ಚಳಿಯಲ್ಲಿ ರೆಸ್ಕ್ಯೂ ಪೂಡಲ್: ಅರ್ಜಿ ಹಾಕುವುದರಿಂದ ಮೊದಲ ಮೂರು ತಿಂಗಳವರೆಗೆ

ಪೂಡಲ್ ನೋಡಿದರೆ ಮೈತುಂಬ ಉಣ್ಣೆ ಹೊದ್ದ ಕುರಿಮರಿಯಂತೆ ಕಾಣುತ್ತದೆ. ಇದಕ್ಕೇಕೆ ಚಳಿ ಎಂದುಕೊಳ್ಳುವುದು ಸಹಜ, ಆದರೆ ಅದು ತಪ್ಪು. ಹಸ್ಕಿಯಂಥ ನಾಯಿಗೆ ಹೊರಗೂದಲಿನ ಅಡಿಯಲ್ಲಿ ಹತ್ತಿಯಂಥ ಇನ್ನೊಂದು ದಟ್ಟ ಪದರ ಇರುತ್ತದೆ, ಬೆಚ್ಚಗಿಡುವುದು ಅದೇ. ಪೂಡಲ್‌ಗೆ ಆ ಒಳಪದರ ಇಲ್ಲ. ಇರುವುದು ಒಂದೇ ಪದರದ ಗುಂಗುರು ಕೂದಲು. ಅದು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ, ನೀರು ಹೀರುತ್ತದೆ, ಹಿಮದ ಉಂಡೆಗಳನ್ನು ಕಟ್ಟಿಕೊಳ್ಳುತ್ತದೆ. ಮೂರು ಕೆ.ಜಿ. ದೇಹದ ಶಾಖ ಹೊರಗೆ ಹೋಗಲು ಹೆಚ್ಚು ಹೊತ್ತೂ ಬೇಡ.

ಶಿಕಾಗೊದಲ್ಲಿ ಜನವರಿಯ ರಾತ್ರಿಗಳು ಸಾಮಾನ್ಯವಾಗಿ ಮೈನಸ್ 7, 8 ಡಿಗ್ರಿ ಸೆಲ್ಸಿಯಸ್. 2019ರ ಜನವರಿ 30ರಂದು ಅದು ಮೈನಸ್ 30ರ ಆಸುಪಾಸಿಗೆ ಇಳಿದಿತ್ತು. ಜೊತೆಗೆ ಸರೋವರದ ಕಡೆಯ ಗಾಳಿ. ಇಂಥ ಊರಿನಲ್ಲಿ ಪುಟ್ಟ ಪೂಡಲ್ ಒಂದನ್ನು ರೆಸ್ಕ್ಯೂದಿಂದ, ಅಂದರೆ ದಿಕ್ಕಿಲ್ಲದ ನಾಯಿಗಳನ್ನು ಕಾಪಾಡಿ ದತ್ತು ಕೊಡುವ ಸಂಸ್ಥೆಯಿಂದ, ತಂದು ಸಾಕಲು ಖಂಡಿತ ಆಗುತ್ತದೆ, ಸಾವಿರಾರು ಜನ ಸಾಕಿದ್ದಾರೆ. ಆದರೆ ಚಳಿಯ ಕೆಲಸವೆಲ್ಲ ನಾಯಿಯದಲ್ಲ, ನಿಮ್ಮದು. ಬೆಳಿಗ್ಗೆ ಆರಕ್ಕೆ, ಮೈನಸ್ 15ರಲ್ಲಿ, ಕತ್ತಲಲ್ಲಿ, ಇನ್ನೂ ಉಚ್ಚೆ ಹೊಯ್ಯಲು ಮನಸ್ಸು ಮಾಡದ ನಾಯಿಯ ಪಕ್ಕ ನಿಲ್ಲುವವರು ಮನೆಯಲ್ಲಿ ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು ಸಿಕ್ಕಿದ ಮೇಲೆ ಮುಂದಿನದನ್ನು ಓದಿ. "ಮಕ್ಕಳು ನೋಡ್ಕೋತಾರೆ" ಎಂಬುದು ಉತ್ತರವಲ್ಲ.

ಯಾವ ಪೂಡಲ್, ರೆಸ್ಕ್ಯೂಗೆ ಹೇಗೆ ಬರುತ್ತದೆ

ಅಮೆರಿಕದ ಲೆಕ್ಕದಲ್ಲಿ ಹೆಗಲಿನ ಎತ್ತರ 10 ಇಂಚಿನೊಳಗಿದ್ದರೆ ಟಾಯ್, 10ರಿಂದ 15 ಇಂಚಿದ್ದರೆ ಮಿನಿಯೇಚರ್, ಅದಕ್ಕೂ ಮೇಲೆ ಸ್ಟ್ಯಾಂಡರ್ಡ್. ಟಾಯ್ ಎರಡು-ಮೂರು ಕೆ.ಜಿ. ತೂಗುತ್ತದೆ, ಮಿನಿಯೇಚರ್ ಐದರಿಂದ ಏಳು. ಚಳಿಯ ಊರಿಗೆ, ಮೊದಲ ಸಲ ನಾಯಿ ಸಾಕುವವರಿಗೆ, ನಮ್ಮ ಮತ ಮಿನಿಯೇಚರ್‌ಗೆ. ಟಾಯ್‌ಗೆ ಬೇಗ ಚಳಿ ಹತ್ತುತ್ತದೆ, ಊಟ ತಪ್ಪಿದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಸೋಫಾದಿಂದ ಹಾರಿದರೂ ಮುಂಗಾಲು ಮುರಿಯಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಟಾಯ್ ಕೊಡಲು ಎಷ್ಟೋ ರೆಸ್ಕ್ಯೂಗಳು ಒಪ್ಪುವುದಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಕಾರಣವಿದೆ.

ರೆಸ್ಕ್ಯೂಗೆ ಬರುವ ಪೂಡಲ್‌ಗಳು ಹೆಚ್ಚಾಗಿ ಮೂರು ಬಗೆ. ಒಡೆಯರು ತೀರಿಕೊಂಡು ಅಥವಾ ವೃದ್ಧಾಶ್ರಮ ಸೇರಿ ಬಂದ ಎಂಟು-ಹತ್ತು ವರ್ಷದವು ಒಂದು ಬಗೆ. ಇವಕ್ಕೆ ಮನೆಯ ಶಿಸ್ತು ಗೊತ್ತು, ಆದರೆ ಹಲ್ಲು ಹಾಳಾಗಿರುತ್ತವೆ. ಪಪ್ಪಿ ಮಿಲ್‌ನಲ್ಲಿ (ಮಾರಾಟಕ್ಕೆಂದೇ ಮರಿ ಹಾಕಿಸುವ ಜಾಗ) ಮರಿ ಹಾಕಿ ಹಾಕಿ "ನಿವೃತ್ತಿ"ಯಾದ ಹೆಣ್ಣು ನಾಯಿಗಳು ಎರಡನೆಯ ಬಗೆ. ಇವು ಮೆಟ್ಟಿಲನ್ನೇ ಕಂಡಿರುವುದಿಲ್ಲ, ಹುಲ್ಲಿನ ಮೇಲೆ ಕಾಲಿಟ್ಟಿರುವುದಿಲ್ಲ, ಹಿಮ ಹಾಗಿರಲಿ. ಮೂರನೆಯ ಬಗೆ ಜಡೆಗಟ್ಟಿದ ಕೂದಲಿನೊಂದಿಗೆ ಬೀದಿಯಲ್ಲಿ ಸಿಕ್ಕವು. ತಳಿ ಗ್ಯಾರಂಟಿಯಾಗಿ ಹೇಳುವವರು ಯಾರೂ ಇಲ್ಲ. ಪೂಡಲ್ ಎಂದು ಬರೆದಿದ್ದು ಅರ್ಧ ಮಾಲ್ಟೀಸ್ ಆಗಿರಬಹುದು. ಅದರಿಂದ ನಷ್ಟವೇನೂ ಇಲ್ಲ.

ಇನ್ನೊಂದು ಮಾತು: ಪೂಡಲ್ ಕೂದಲು ಉದುರಿಸುವುದು ಕಡಿಮೆ ನಿಜ, ಆದರೆ ಅಲರ್ಜಿ ತರುವ ಪ್ರೋಟೀನು ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ, ಅರ್ಜಿಗೆ ಮುಂಚೆ ಅವರು ಪೂಡಲ್ ಇರುವ ಮನೆಯಲ್ಲಿ ಎರಡು-ಮೂರು ಸಲ ತಾಸುಗಟ್ಟಲೆ ಕುಳಿತು ಬರಲಿ.

ಅರ್ಜಿಗೆ ಮುಂಚಿನ ಕಾಗದ, ದುಡ್ಡು

ಬಾಡಿಗೆ ಮನೆಯಾದರೆ ಲೀಸ್ (ಬಾಡಿಗೆ ಕರಾರು) ತೆಗೆದು ಓದಿ. ನಾಯಿಗೆ ಅನುಮತಿ ಇದೆಯೇ, ತೂಕದ ಮಿತಿ ಎಷ್ಟು, ಪೆಟ್ ಡೆಪಾಸಿಟ್ ಒಂದೇ ಸಲವೋ, ತಿಂಗಳಿಗೆ ಪೆಟ್ ರೆಂಟ್ ಕೂಡ ಇದೆಯೋ ನೋಡಿ. ಬಾಯಿಮಾತಿನ ಒಪ್ಪಿಗೆ ನಡೆಯುವುದಿಲ್ಲ. ರೆಸ್ಕ್ಯೂದವರು ಮನೆ ಮಾಲೀಕರಿಗೆ ನೇರವಾಗಿ ಫೋನ್ ಮಾಡುತ್ತಾರೆ, ಆದ್ದರಿಂದ ಒಂದು ಇಮೇಲ್ ಆದರೂ ಬರೆಸಿಕೊಳ್ಳಿ. ಕಾಂಡೊ ಸ್ವಂತದ್ದಾದರೂ ಅಸೋಸಿಯೇಶನ್ನಿನ ನಿಯಮ ಬೇರೆ ಇರುತ್ತದೆ.

ದತ್ತು ಶುಲ್ಕ ಕೆಲವು ನೂರು ಡಾಲರ್. ಅದರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ, ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್), ಮೊದಲ ಲಸಿಕೆಗಳು ಸೇರಿರುತ್ತವೆ. ಅಲ್ಲಿಗೆ ಖರ್ಚು ಮುಗಿಯಿತು ಎಂದುಕೊಂಡವರೇ ಎಡವುವುದು. ನಾಲ್ಕರಿಂದ ಆರು ವಾರಕ್ಕೊಮ್ಮೆ ಗ್ರೂಮಿಂಗ್ (ಕೂದಲು ಕತ್ತರಿಸಿ ಶುಚಿ ಮಾಡಿಸುವುದು) ಆಗಲೇಬೇಕು, ಟಿಪ್ ಸೇರಿ ಒಂದು ಸಲಕ್ಕೆ 80ರಿಂದ 120 ಡಾಲರ್ ಹಿಡಿಯಿರಿ. ಅರಿವಳಿಕೆ ಕೊಟ್ಟು ಹಲ್ಲು ಶುಚಿ ಮಾಡಿಸಿ ಒಂದೆರಡು ಹಲ್ಲು ಕೀಳಿಸಿದರೆ ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ವಿಮೆ ಮಾಡಿಸುವುದಾದರೆ ನಾಯಿ ಮನೆಗೆ ಬಂದ ವಾರದಲ್ಲೇ ಮಾಡಿಸಿ. ವೆಟ್‌ನ (ಪಶುವೈದ್ಯರ) ದಾಖಲೆಯಲ್ಲಿ ಒಮ್ಮೆ ಬರೆದ ಕಾಯಿಲೆಯನ್ನು ಆಮೇಲೆ ಹೆಚ್ಚಿನ ಕಂಪನಿಗಳು "ಮೊದಲೇ ಇದ್ದದ್ದು" ಎಂದು ಪಕ್ಕಕ್ಕಿಡುತ್ತವೆ.

ಎಲ್ಲಿ ಹುಡುಕುವುದು

ಶಿಕಾಗೊದಲ್ಲಿ ನಗರಪಾಲಿಕೆಯ ಆ್ಯನಿಮಲ್ ಕೇರ್ ಆ್ಯಂಡ್ ಕಂಟ್ರೋಲ್ ಇದೆ, 1899ರಿಂದ ನಡೆಯುತ್ತಿರುವ ಆ್ಯಂಟಿ-ಕ್ರುವೆಲ್ಟಿ ಸೊಸೈಟಿ ಇದೆ, 1997ರಲ್ಲಿ ಶುರುವಾದ ಪಾಸ್ ಶಿಕಾಗೊ ಇದೆ. ಇಲ್ಲಿ ಚಿಕ್ಕ ಪೂಡಲ್ ಕಾಣಿಸಿಕೊಂಡರೆ ಬೇಗ ಹೋಗಿಬಿಡುತ್ತದೆ. ದಿನಾ ಬೆಳಿಗ್ಗೆ ಪೆಟ್‌ಫೈಂಡರ್ ಜಾಲತಾಣ ನೋಡಿ, ಅಲರ್ಟ್ ಇಟ್ಟುಕೊಳ್ಳಿ. ಪೂಡಲ್ ಕ್ಲಬ್ ಆಫ್ ಅಮೆರಿಕದ ರೆಸ್ಕ್ಯೂ ಫೌಂಡೇಶನ್ ಮೂಲಕ ಆಸುಪಾಸಿನ ರಾಜ್ಯಗಳ ಪೂಡಲ್ ರೆಸ್ಕ್ಯೂಗಳ ಸುಳಿವು ಸಿಗುತ್ತದೆ. ಹುಡುಕುವಾಗ ಕಪ್ಪು ನಾಯಿ, ವಯಸ್ಸಾದ ನಾಯಿ, "ಪೂಡಲ್ ಮಿಕ್ಸ್" ಎಂದು ಬರೆದ ನಾಯಿ ಇವನ್ನು ದಾಟಿಸಬೇಡಿ. ಎಲ್ಲರೂ ಏಪ್ರಿಕಾಟ್ ಬಣ್ಣದ ಒಂದು ವರ್ಷದ್ದಕ್ಕೇ ಮುಗಿಬೀಳುತ್ತಾರೆ. ಏಳು ವರ್ಷದ ಮಿನಿಯೇಚರ್ ಇನ್ನೂ ಏಳೆಂಟು ವರ್ಷ ಬದುಕುವುದು ಮಾಮೂಲು.

ಅರ್ಜಿ ಉದ್ದವಿರುತ್ತದೆ. "ನಾಯಿ ದಿನಕ್ಕೆ ಎಷ್ಟು ಹೊತ್ತು ಒಂಟಿ", "ರಜೆಗೆ ಹೋದಾಗ ಯಾರು ನೋಡುತ್ತಾರೆ" ಎಂಬ ಪ್ರಶ್ನೆಗಳಿಗೆ ಒಂದು ಸಾಲಿನ ಉತ್ತರ ಬರೆದರೆ ಕೆಳಗೆ ಬೀಳುತ್ತೀರಿ. ಚಳಿಗಾಲದ ಯೋಜನೆಯನ್ನು ಕೇಳದಿದ್ದರೂ ಬರೆಯಿರಿ: ಎಲ್ಲಿ ಹೊರಗೆ ಬಿಡುತ್ತೀರಿ, ಕೋಟು, ಗ್ರೂಮರ್ ಯಾರು. ಇದನ್ನು ಓದಿದ ಸ್ವಯಂಸೇವಕರಿಗೆ ನೀವು ಯೋಚಿಸಿದ್ದೀರಿ ಎಂದು ತಿಳಿಯುತ್ತದೆ. ಭಾರತಕ್ಕೆ ಆರು ವಾರ ಹೋಗುವ ರೂಢಿಯಿದ್ದರೆ ಮುಚ್ಚಿಡದೆ ಹೇಳಿ, ಆಗ ನಾಯಿ ಯಾರ ಮನೆಯಲ್ಲಿರುತ್ತದೆ ಎಂದೂ ಹೇಳಿ.

ಮೋಸದ ಬಗ್ಗೆ: ಫೋಟೊ ಮಾತ್ರ ಕಳಿಸಿ, ಶುಲ್ಕವನ್ನು ಗಿಫ್ಟ್ ಕಾರ್ಡ್‌ನಲ್ಲೋ ಝೆಲ್‌ನಲ್ಲೋ (ಫೋನಿನಿಂದ ಹಣ ಕಳಿಸುವ ಸೇವೆ) ಮೊದಲೇ ಕೇಳಿ, "ವಿಮಾನದಲ್ಲಿ ಕಳಿಸುತ್ತೇವೆ" ಎನ್ನುವವರ ಹತ್ತಿರ ನಾಯಿಯೇ ಇರುವುದಿಲ್ಲ. ಟಾಯ್ ಪೂಡಲ್ ಹೆಸರಲ್ಲಿ ಇದು ತುಂಬ ನಡೆಯುತ್ತದೆ. ಇಲಿನಾಯ್‌ನಲ್ಲಿ ಶೆಲ್ಟರ್‌ಗಳಿಗೆ ರಾಜ್ಯದ ಕೃಷಿ ಇಲಾಖೆಯ ಲೈಸೆನ್ಸ್ ಬೇಕು, ಆ ನಂಬರ್ ಕೇಳಿ. ನಾಯಿಯನ್ನು ಕಣ್ಣಾರೆ ನೋಡದೆ, ಮುಟ್ಟದೆ ಒಂದು ಡಾಲರೂ ಬಿಚ್ಚಬೇಡಿ.

ನೋಡಲು ಹೋದಾಗ

ಫಾಸ್ಟರ್ (ದತ್ತು ಹೋಗುವ ತನಕ ನಾಯಿಯನ್ನು ಇಟ್ಟುಕೊಂಡಿರುವವರು) ಮನೆಯಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ, ನಾಯಿ ತಾನಾಗಿ ಬರಲಿ. ಒಂದು ತಾಸು ಬೇಕು. ಆಮೇಲೆ ಫಾಸ್ಟರ್ ಅನುಮತಿ ಪಡೆದು ಇಷ್ಟನ್ನು ನೋಡಿ.

ತುಟಿ ಎತ್ತಿ: ಕಂದು ಕಲ್ಲು ಕಟ್ಟಿದೆಯೇ, ಒಸಡು ಕೆಂಪಗಿದೆಯೇ, ಬಾಯಿ ಕೊಳೆತ ವಾಸನೆಯೇ. ಕಿವಿ ಮೂಸಿ: ಪೂಡಲ್‌ನ ಕಿವಿಯ ಕೊಳವೆಯೊಳಗೂ ಕೂದಲು ಬೆಳೆಯುತ್ತದೆ, ತೇವ ನಿಂತರೆ ಹುಳಿ ಹಿಟ್ಟಿನ ವಾಸನೆ ಬರುತ್ತದೆ, ಅದು ಸೋಂಕು. ನಡೆಯುವುದನ್ನು ಹಿಂದಿನಿಂದ ನೋಡಿ: ನಾಲ್ಕು ಹೆಜ್ಜೆಗೊಮ್ಮೆ ಒಂದು ಹಿಂಗಾಲನ್ನು ಎತ್ತಿ ಕುಪ್ಪಳಿಸಿದರೆ ಮಂಡಿಚಿಪ್ಪು ಜಾರುತ್ತಿದೆ ಎಂದರ್ಥ. ಚಿಕ್ಕ ಪೂಡಲ್‌ಗಳಲ್ಲಿ ಇದು ಸಾಮಾನ್ಯ, ಸೌಮ್ಯವಾಗಿದ್ದರೆ ತೂಕ ಹಿಡಿತದಲ್ಲಿಟ್ಟು ನಿಭಾಯಿಸಬಹುದು. ಬೆಲ್ಟ್ ಎಳೆದಾಗ ಬಾತುಕೋಳಿ ಕೂಗಿದಂತೆ ಕೆಮ್ಮಿದರೆ ಶ್ವಾಸನಾಳದ ಬಗ್ಗೆ ಕೇಳಿ. ಸಂಜೆಗತ್ತಲಲ್ಲಿ ತಡವರಿಸುತ್ತದೆಯೇ ಎಂದೂ ಕೇಳಿ, ಈ ತಳಿಯಲ್ಲಿ ಅಕ್ಷಿಪಟಲ ನಿಧಾನವಾಗಿ ಸವೆಯುವ ಆನುವಂಶಿಕ ರೋಗವಿದೆ. ಡಿಸೆಂಬರಿನಲ್ಲಿ ಶಿಕಾಗೊದ ಸೂರ್ಯ ನಾಲ್ಕೂಕಾಲು-ನಾಲ್ಕೂವರೆಗೆ ಮುಳುಗುತ್ತಾನೆ, ಕಣ್ಣು ಕಾಣದ ನಾಯಿಯ ಸಂಜೆಯ ವಾಕ್ ಅಂದರೆ ಪೂರ್ತಿ ಕತ್ತಲು.

ಫಾಸ್ಟರ್‌ಗೆ ಕೇಳಲೇಬೇಕಾದ್ದು: ಉಚ್ಚೆಗೆ ಪ್ಯಾಡ್ (ಒಳಗೆ ಹಾಸುವ, ಉಚ್ಚೆ ಹೀರುವ ಹಾಳೆ) ಮೇಲೆ ಹೋಗುತ್ತದೆಯೋ ಹುಲ್ಲಿನ ಮೇಲೋ? ಹಿಮದಲ್ಲಿ ಹೋಗಿದೆಯೇ? ಒಂಟಿ ಬಿಟ್ಟಾಗ ಎಷ್ಟು ಹೊತ್ತಿಗೆ ಬೊಗಳಲು ಶುರು? ಕ್ಲಿಪ್ಪರ್ ಸದ್ದಿಗೆ ಕಚ್ಚುತ್ತದೆಯೇ? ಕೊನೆಯದಾಗಿ ಕೂದಲು ಕತ್ತರಿಸಿದ್ದು ಯಾವಾಗ, ಯಾವ ಬ್ಲೇಡಿನಲ್ಲಿ? ಈ ಕಡೆಯ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಜಡೆಗಟ್ಟಿ ಬಂದ ನಾಯಿಯನ್ನು 10ನೇ ನಂಬರಿನ ಬ್ಲೇಡಿನಲ್ಲಿ ಬೋಳಿಸಿದ್ದರೆ ಮೈಮೇಲೆ ಉಳಿಯುವುದು ಒಂದೂವರೆ ಮಿಲಿಮೀಟರ್. ಅದು ಜನವರಿಯಲ್ಲಿ ನಿಮ್ಮ ಮನೆಗೆ ಬಂದರೆ ಒಳಗೂ ಸ್ವೆಟರ್ ಬೇಕು, ಹೊರಗಿನ ಲೆಕ್ಕವೇ ಬೇರೆ.

ಮನೆ ಸಜ್ಜು ಮಾಡುವುದು

ನಾಯಿ ಬಂದ ಮೇಲೆ ತಂದರಾಯಿತು ಎನ್ನುವುದು ಚಳಿಗಾಲದಲ್ಲಿ ನಡೆಯುವುದಿಲ್ಲ. ಕೋಟು ಮೊದಲೇ ಇರಬೇಕು. ಫಾಸ್ಟರ್‌ನಿಂದ ಎರಡು ಅಳತೆ ತರಿಸಿಕೊಳ್ಳಿ: ಕತ್ತಿನ ಬುಡದಿಂದ ಬಾಲದ ಬುಡದವರೆಗಿನ ಬೆನ್ನು, ಮುಂಗಾಲಿನ ಹಿಂದಿನ ಎದೆಯ ಸುತ್ತಳತೆ. ಹೊರಗೆ ನೀರು ಹೀರದ ಬಟ್ಟೆ, ಒಳಗೆ ಫ್ಲೀಸ್, ಹೊಟ್ಟೆಯೂ ಮುಚ್ಚಬೇಕು. ಚಿಕ್ಕ ನಾಯಿಯ ಹೊಟ್ಟೆ ಹಿಮದಿಂದ ಗೇಣು ದೂರದಲ್ಲೂ ಇರುವುದಿಲ್ಲ. ಗಂಡು ನಾಯಿಯಾದರೆ ಹೊಟ್ಟೆಯ ಪಟ್ಟಿ ಸ್ವಲ್ಪ ಹಿಂದೆಯೇ ನಿಲ್ಲುವಂಥದ್ದು ಆರಿಸಿ, ಇಲ್ಲದಿದ್ದರೆ ಪ್ರತಿ ಸಲ ಒದ್ದೆ. ಉಣ್ಣೆಯ ಸ್ವೆಟರ್ ಒಂದೇ ಹಾಕಿ ಹಿಮಕ್ಕೆ ಇಳಿಸಬೇಡಿ, ನೆನೆದ ಸ್ವೆಟರ್ ಏನೂ ಹಾಕದ್ದಕ್ಕಿಂತ ಕೆಟ್ಟದ್ದು.

ಹಾರ್ನೆಸ್ (ಎದೆ, ಬೆನ್ನು ಸುತ್ತುವ ಪಟ್ಟಿ) ಒಳಗೆ, ಅದರ ಮೇಲೆ ಕೋಟು, ಕೋಟಿನ ಬೆನ್ನಿನ ತೂತಿನಿಂದ ಬೆಲ್ಟಿನ ಕೊಕ್ಕೆ. ಇದೇ ಸರಿಯಾದ ಕ್ರಮ. ದಪ್ಪ ಕೋಟಿನ ಮೇಲೆ ಹಾರ್ನೆಸ್ ಬಿಗಿದರೆ ನಾಯಿ ಹೆದರಿ ಹಿಂದಕ್ಕೆ ಜಗ್ಗಿದಾಗ ಇಡೀ ಕಟ್ಟು ತಲೆಯ ಮೇಲಿಂದ ಕಳಚಿ ಬರುತ್ತದೆ. ಹೊಸ ನಾಯಿ ಓಡಿಹೋಗುವುದು ಹೀಗೇ. ಮನೆಯೊಳಗೇ ಹಾಕಿ, ಎದುರು ನಿಂತು ಮೆಲ್ಲಗೆ ಎಳೆದು ಪರೀಕ್ಷಿಸಿ. ಮೊದಲ ತಿಂಗಳು ಎರಡು ಬೆಲ್ಟ್ ಇರಲಿ, ಒಂದು ಹಾರ್ನೆಸ್‌ಗೆ, ಇನ್ನೊಂದು ಕಾಲರ್‌ಗೆ. ಉದ್ದಕ್ಕೆ ಬಿಚ್ಚಿಕೊಳ್ಳುವ ರೀಲ್ ಬೆಲ್ಟ್ ಐಸ್ ಮೇಲೆ ಬೇಡವೇ ಬೇಡ.

ಬಾಲ್ಕನಿಯ ಕಂಬಿಗಳ ನಡುವಿನ ಸಂದು ಸಾಮಾನ್ಯವಾಗಿ ನಾಲ್ಕು ಇಂಚಿನವರೆಗೆ ಇರುತ್ತದೆ, ಟಾಯ್ ಪೂಡಲ್ ಅದರಲ್ಲಿ ನುಸುಳಬಲ್ಲದು, ಜಾಲರಿ ಕಟ್ಟಿ. ಹಾಸಿಗೆಯನ್ನು ಹಳೆಯ ರೇಡಿಯೇಟರ್‌ಗೆ ತಾಗಿಸಿ ಇಡಬೇಡಿ, ಬಾಗಿಲಿನ ಗಾಳಿ ಬೀಸುವಲ್ಲೂ ಬೇಡ. ಹೀಟರ್ ಹಾಕಿದ ಮನೆಯ ಗಾಳಿ ಒಣಗುತ್ತದೆ. ಚರ್ಮ ಹೊಟ್ಟೆದ್ದು, ಕೂದಲಲ್ಲಿ ಕರೆಂಟ್ ಚಟಪಟ ಎಂದು ಗಂಟು ಬೇಗ ಕಟ್ಟುತ್ತದೆ. ಹ್ಯೂಮಿಡಿಫೈಯರ್ ಇಬ್ಬರಿಗೂ ಒಳ್ಳೆಯದು.

ಬಂದ ದಿನ, ಮೊದಲ ದಿನಗಳು

ಕಾರು ಮೊದಲೇ ಬಿಸಿಯಾಗಿರಲಿ, ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡಬೇಡಿ. ನಾಯಿ ಹಿಂದಿನ ಸೀಟಿನಲ್ಲಿ, ಪಟ್ಟಿ ಕಟ್ಟಿದ ಕ್ಯಾರಿಯರ್‌ನಲ್ಲಿ. ಬಾಗಿಲು ತೆರೆಯುವ ಮುಂಚೆ ಬೆಲ್ಟ್ ಕೈಗೆ ಸುತ್ತಿಕೊಳ್ಳಿ. ಮನೆಗೆ ನುಗ್ಗುವ ಮುನ್ನ, ಉಚ್ಚೆಗೆಂದು ಹೊರಗೆ ಗೊತ್ತುಮಾಡಿದ ಒಂದೇ ಜಾಗಕ್ಕೆ ಕರೆದೊಯ್ಯಿರಿ.

ಮೊದಲ ಮೂರು ದಿನ ತಿನ್ನದೆ ಇರಬಹುದು, ಮೂಲೆ ಬಿಟ್ಟು ಕದಲದೆ ಇರಬಹುದು. ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಮೂರು ದಿನಕ್ಕೆ ಭಯ ಇಳಿಯುತ್ತದೆ, ಮೂರು ವಾರಕ್ಕೆ ದಿನಚರಿ ತಿಳಿಯುತ್ತದೆ, ಮೂರು ತಿಂಗಳಿಗೆ ನಿಜ ಸ್ವಭಾವ ಹೊರಬರುತ್ತದೆ ಎಂಬುದು ರೆಸ್ಕ್ಯೂದವರ ವಾಡಿಕೆ ಮಾತು. ಪಪ್ಪಿ ಮಿಲ್‌ನಿಂದ ಬಂದದ್ದಕ್ಕೆ ಇದನ್ನು ಎರಡರಿಂದ ಗುಣಿಸಿ. ಟಾಯ್ ಗಾತ್ರದ್ದು ಇಡೀ ದಿನ ಉಪವಾಸವಿದ್ದು ತೂರಾಡಿದರೆ ಒಸಡಿಗೆ ಒಂದು ಹನಿ ಜೇನು ಸವರಿ ತಕ್ಷಣ ವೆಟ್‌ಗೆ ಫೋನ್ ಮಾಡಿ.

ಮೈಕ್ರೋಚಿಪ್ ಇದೆ ಎಂದರೆ ಸಾಲದು. ಅದು ರೆಸ್ಕ್ಯೂ ಹೆಸರಿನಲ್ಲೋ, ಹಳೆಯ ಒಡೆಯರ ಹೆಸರಿನಲ್ಲೋ ಇರುತ್ತದೆ. ಅದೇ ದಿನ ನಿಮ್ಮ ಹೆಸರಿಗೆ, ಫೋನಿಗೆ ಬದಲಿಸಿ.

ಹೊರಗೆ: ಎಷ್ಟು ಚಳಿಗೆ ಎಷ್ಟು ಹೊತ್ತು

ಇದು ಆರೋಗ್ಯವಾಗಿರುವ, ಎರಡು ಸೆಂ.ಮೀ. ಕೂದಲಿರುವ ಮಿನಿಯೇಚರ್‌ಗೆ ಹೇಳುವ ಅಂದಾಜು. ಟಾಯ್‌ಗೆ, ಮುದಿ ನಾಯಿಗೆ, ಬೋಳಿಸಿದ ನಾಯಿಗೆ ಒಂದು ಮೆಟ್ಟಿಲು ಮುಂಚೆಯೇ ಎಚ್ಚರ.

7 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ: ಏನೂ ಬೇಡ.
7ರಿಂದ 0: ಗಾಳಿ, ಮಳೆ ಇದ್ದರೆ ಕೋಟು.
0ಯಿಂದ ಮೈನಸ್ 7: ಕೋಟು ಕಡ್ಡಾಯ, 15ರಿಂದ 20 ನಿಮಿಷ.
ಮೈನಸ್ 7ರಿಂದ ಮೈನಸ್ 12: ಕೋಟು, ಬೂಟು, ಐದರಿಂದ ಹತ್ತು ನಿಮಿಷ.
ಅದಕ್ಕೂ ಕೆಳಗೆ: ಕೆಲಸ ಮುಗಿಸಿ ಒಳಗೆ, ಎರಡು-ಮೂರು ನಿಮಿಷ. ಮೈನಸ್ 20ರ ಕಡೆ ಹೋದರೆ ಒಳಗೇ ಪ್ಯಾಡ್.

ನೋಡಬೇಕಾದ್ದು ಥರ್ಮಾಮೀಟರ್ ಅಲ್ಲ, ವಿಂಡ್ ಚಿಲ್ ಅಂಕಿ, ಅಂದರೆ ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿ. ಅಂಕಿಗಿಂತಲೂ ನಂಬಬೇಕಾದ್ದು ನಾಯಿಯ ಕಾಲು. ಒಂದು ಪಾದ ಎತ್ತಿ ನಿಂತಿತು ಎಂದರೆ ಸಾಕು, ಎತ್ತಿಕೊಂಡು ಒಳಗೆ ಬನ್ನಿ. ನಡುಗುವುದು ಮೊದಲ ಹಂತ. ನಡುಕ ನಿಂತು ಮಂಕಾದರೆ ಅದು ಸುಧಾರಿಸಿದ್ದಲ್ಲ, ಕೆಟ್ಟದ್ದಕ್ಕೆ ತಿರುಗಿದ್ದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ, 37ಕ್ಕಿಂತ ಇಳಿದರೆ ತುರ್ತು. ಒಣ ಹೊದಿಕೆ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ಕಿವಿಯ ತುದಿ ಬೆಳ್ಳಗೆ ತಣ್ಣಗಾಗಿದ್ದರೆ ಉಜ್ಜಬೇಡಿ.

ಫುಟ್‌ಪಾತಿನ ಉಪ್ಪು ಬೇರೆಯದೇ ತಲೆನೋವು. ಕರಗಿಸಲು ಎರಚುವ ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಹರಳುಗಳು ಬೆರಳ ಸಂದಿಯಲ್ಲಿ ಸಿಕ್ಕಿ ಚರ್ಮ ಸುಡುತ್ತವೆ. ನಾಯಿ ನೆಕ್ಕಿದರೆ ವಾಂತಿ. "ಪೆಟ್ ಸೇಫ್" ಎಂದು ಬರೆದದ್ದನ್ನು ನಿಮ್ಮ ಮೆಟ್ಟಿಲಿಗೆ ಹಾಕಬಹುದು, ಊರಿಗೆಲ್ಲ ಹಾಕಿಸಲಾಗದು. ಆದ್ದರಿಂದ ಬಾಗಿಲ ಬಳಿ ಒಂದು ಬೋಗುಣಿ ಉಗುರುಬೆಚ್ಚಗಿನ ನೀರು, ಒಂದು ಟವೆಲ್ ಖಾಯಂ ಇರಲಿ. ಪ್ರತಿ ಸಲ ಒಂದೊಂದೇ ಪಾದ ಅದ್ದಿ, ಬೆರಳ ನಡುವೆ ಒರೆಸಿ. ತೇವ ಉಳಿದರೆ ಅಲ್ಲೇ ಕೆಂಪಾಗುತ್ತದೆ. ಪಾದಕ್ಕೆ ಹಚ್ಚುವ ಮೇಣವೂ ಸ್ವಲ್ಪ ಕಾಪಾಡುತ್ತದೆ, ಹೊರಡುವ ಮುಂಚೆ ಹಚ್ಚಬೇಕು. ಗ್ಯಾರೇಜ್ ನೆಲದ ಮೇಲಿನ ಹಸಿರು ಹನಿಗಳ ಹತ್ತಿರ ಬಿಡಲೇಬೇಡಿ. ಆ್ಯಂಟಿಫ್ರೀಜ್ ಸಿಹಿಯಾಗಿರುತ್ತದೆ, ಮೂರು ಕೆ.ಜಿ. ನಾಯಿಯ ಮೂತ್ರಪಿಂಡಕ್ಕೆ ಒಂದೆರಡು ಚಮಚವೇ ಸಾಕು.

ಬೂಟು ಹಾಕಿದ ಮೊದಲ ದಿನ ನಾಯಿ ಕೊಕ್ಕರೆಯಂತೆ ಕಾಲೆತ್ತಿ ನಡೆಯುತ್ತದೆ. ನಗು ಬಂದರೂ ಎರಡೇ ನಿಮಿಷ, ಒಳಗೇ, ತಿಂಡಿ ಕೊಡುತ್ತ ಅಭ್ಯಾಸ ಮಾಡಿಸಿ. ಬಲೂನಿನಂಥ ತೆಳು ರಬ್ಬರ್ ಬೂಟು ಉಪ್ಪು ತಡೆಯುತ್ತದೆ, ಚಳಿ ತಡೆಯುವುದಿಲ್ಲ, ಒಳಗೆ ಬಂದ ಕೂಡಲೇ ತೆಗೆಯಬೇಕು. ಕಾಲಿನ ಕೂದಲಿಗೆ ಅಂಟಿದ ಹಿಮದ ಗೋಲಿಗಳನ್ನು ಕಿತ್ತರೆ ಕೂದಲೂ ಬರುತ್ತದೆ, ನೋವೂ ಆಗುತ್ತದೆ. ಬೆಚ್ಚನೆಯ ನೀರಲ್ಲಿ ಕರಗಲಿ. ಕಾಲಿರುವ ಸ್ನೋ ಸೂಟ್ ಹಾಕಿದರೆ ಈ ರಗಳೆಯೇ ಇಲ್ಲ.

ಇನ್ನು ಎಲ್ಲರನ್ನೂ ಕಾಡುವ ವಿಷಯ. ಹೊರಗೆ ಹತ್ತು ನಿಮಿಷ ಏನೂ ಮಾಡದ ನಾಯಿ, ಒಳಗೆ ಬಂದು ಕೋಟು ಬಿಚ್ಚುತ್ತಿದ್ದ ಹಾಗೆ ಕಾರ್ಪೆಟ್ ಮೇಲೆ ಉಚ್ಚೆ ಹೊಯ್ಯುತ್ತದೆ. ಇದು ಹಟವಲ್ಲ. ಹಿಮ ಹುಲ್ಲಿನ ವಾಸನೆಯನ್ನೆಲ್ಲ ಮುಚ್ಚಿಹಾಕಿದೆ, ಪಾದ ಚುರುಗುಟ್ಟುತ್ತಿದೆ, ಅದಕ್ಕೆ ಜಾಗವೇ ತಿಳಿಯುತ್ತಿಲ್ಲ. ಹಿಂದಿನಂಗಳದಲ್ಲಿ ಎರಡು ಮೀಟರ್ ಉದ್ದಗಲದ ಜಾಗವನ್ನು ಹುಲ್ಲು ಕಾಣುವ ತನಕ ಸಲಿಕೆಯಿಂದ ಕೆರೆಯಿರಿ, ಪ್ರತಿ ಹಿಮಪಾತದ ನಂತರ ಮತ್ತೆ ಕೆರೆಯಿರಿ. ಉಚ್ಚೆ ತಾಗಿದ ಟಿಶ್ಯೂ ಒಂದನ್ನು ಅಲ್ಲಿ ಹಾಕಿ. ಬೆಲ್ಟ್ ಹಾಕಿಯೇ ಕರೆದೊಯ್ಯಿರಿ, ಮೂರು ನಿಮಿಷ ಸುಮ್ಮನೆ ನಿಲ್ಲಿ. ಮಾಡದಿದ್ದರೆ ಒಳಗೆ ಬಂದು ಮಡಿಲಲ್ಲೋ ಕ್ರೇಟ್‌ನಲ್ಲೋ (ನಾಯಿಯ ಗೂಡುಪೆಟ್ಟಿಗೆ) ಹತ್ತು ನಿಮಿಷ ಇಟ್ಟುಕೊಂಡು ಮತ್ತೆ ಹೊರಡಿ. ಮಾಡಿದ ಆ ಕ್ಷಣದಲ್ಲೇ, ಅಲ್ಲೇ ತಿಂಡಿ. ಒಳಗೆ ಬಂದು ಕೊಟ್ಟರೆ ಬಾಗಿಲು ದಾಟಿದ್ದಕ್ಕೆ ಕೊಟ್ಟಂತೆ. ಒಳಗಾದ ಕಲೆಗೆ ಎನ್ಜೈಮ್ ಕ್ಲೀನರ್ ಬಳಸಿ, ಅಮೋನಿಯ ಇರುವುದು ಬೇಡ, ಅದರ ವಾಸನೆ ಉಚ್ಚೆಯನ್ನೇ ಹೋಲುತ್ತದೆ. ಅಪಾರ್ಟ್‌ಮೆಂಟಾದರೆ ಬಾತ್‌ರೂಮಿನಲ್ಲಿ ಪ್ಯಾಡ್ ಅಭ್ಯಾಸವೂ ಇರಲಿ, ಮೈನಸ್ 25ರ ದಿನ ನಿಮ್ಮನ್ನು ಉಳಿಸುವುದು ಅದೇ. ಬಾಲ್ಕನಿಯನ್ನು ಮಾತ್ರ ಬಳಸಬೇಡಿ. ಹೆಪ್ಪುಗಟ್ಟಿದ್ದು ಮಾರ್ಚಿನಲ್ಲಿ ಕರಗಿ ಕೆಳಗಿನ ಮನೆಯವರ ಮೇಲೆ ಸುರಿಯುತ್ತದೆ.

ಕೂದಲು

ಪೂಡಲ್ ಸಾಕುವುದೆಂದರೆ ಅರ್ಧ ಕೂದಲಿನ ಕೆಲಸ. ಚಳಿಗಾಲದಲ್ಲಿ ಮುಕ್ಕಾಲು. ಚಳಿ ಎಂದು ಉದ್ದ ಬಿಡುವವರು, ಕೋಟಿನ ಉಜ್ಜಾಟದಿಂದ ಕಂಕುಳಲ್ಲಿ, ಕಿವಿಯ ಹಿಂದೆ, ಹಾರ್ನೆಸ್ ಪಟ್ಟಿಯ ಅಡಿ, ತೊಡೆಯ ಸಂದಿಯಲ್ಲಿ ಜಡೆಗಟ್ಟಿಸಿ, ಫೆಬ್ರವರಿಯಲ್ಲಿ ಪೂರ್ತಿ ಬೋಳಿಸುವ ಸ್ಥಿತಿಗೆ ತರುತ್ತಾರೆ. ಮೈಮೇಲೆ ಎರಡು, ಎರಡೂವರೆ ಸೆಂ.ಮೀ. ಸಾಕು, ಉಳಿದದ್ದನ್ನು ಕೋಟು ನೋಡಿಕೊಳ್ಳುತ್ತದೆ. ಗ್ರೂಮರ್‌ಗೆ "ಪಪ್ಪಿ ಕಟ್" ಎಂದಷ್ಟೇ ಹೇಳಬೇಡಿ, ಒಬ್ಬೊಬ್ಬರಿಗೆ ಅದು ಒಂದೊಂದು. ಅಳತೆ ಹೇಳಿ. ಅಂಗಾಲಿನ ಗದ್ದುಗೆಗಳ ನಡುವಿನ ಕೂದಲು ಮಾತ್ರ ಸಮತಟ್ಟಾಗಿ ಕತ್ತರಿಸಿರಬೇಕು, ಹಿಮ ಕಟ್ಟುವುದು ಅಲ್ಲೇ.

ಬೇಕಾದ್ದು ಎರಡೇ: ತಂತಿ ಹಲ್ಲಿನ ಸ್ಲಿಕರ್ ಬ್ರಷ್, ಸ್ಟೀಲ್ ಬಾಚಣಿಗೆ. ಬ್ರಷ್ಷನ್ನು ಮೇಲೆ ಮೇಲೆ ಎಳೆದರೆ ಹೊರಗೆ ಹತ್ತಿಯಂತೆ ಚೆಂದ ಕಾಣುತ್ತದೆ, ಬುಡದಲ್ಲಿ ಕಂಬಳಿ ಹೊಲಿದಿರುತ್ತದೆ. ಮಾಡಬೇಕಾದ್ದು ಹೀಗೆ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿಯಿರಿ, ಬೈತಲೆಯಂತೆ ಚರ್ಮದ ಗೆರೆ ಕಾಣಬೇಕು. ಆ ಗೆರೆಯ ಕೂದಲನ್ನು ಬುಡದಿಂದ ತುದಿಗೆ ಬ್ರಷ್ ಮಾಡಿ, ಒಂದು ಸೆಂ.ಮೀ. ಮೇಲೆ ಇನ್ನೊಂದು ಗೆರೆ. ಕೊನೆಗೆ ಬಾಚಣಿಗೆ ಚರ್ಮದಿಂದ ತುದಿಯವರೆಗೆ ತಡೆಯಿಲ್ಲದೆ ಬಂದರೆ ಮುಗಿಯಿತು. ಬಾಚಣಿಗೆ ಎಲ್ಲಿ ನಿಂತಿತೋ ಅಲ್ಲಿ ಗಂಟಿದೆ. ಒಣ ಕೂದಲಿಗೆ ಮೊದಲು ಕಂಡೀಷನರ್ ಸ್ಪ್ರೇ ಹನಿಸಿ. ಗಂಟಿಗೆ ಕಾರ್ನ್‌ಸ್ಟಾರ್ಚ್ ಉದುರಿಸಿ ಬೆರಳಿಂದ ಬಿಡಿಸಿ, ಬರದಿದ್ದರೆ ಬಿಟ್ಟುಬಿಡಿ. ಕತ್ತರಿ ಹಾಕಬೇಡಿ, ಪೂಡಲ್‌ನ ಚರ್ಮ ಗಂಟಿನೊಳಗೆ ಎದ್ದುಬಂದಿರುತ್ತದೆ, ಕತ್ತರಿಗೆ ಸಿಗುವುದು ಅದೇ. ಗಂಟಿರುವಾಗ ಸ್ನಾನ ಮಾಡಿಸಿದರೆ ಉಣ್ಣೆ ಕುಗ್ಗಿದಂತೆ ಕುಗ್ಗಿ ಇನ್ನೂ ಬಿಗಿಯುತ್ತದೆ. ಮೊದಲು ಬಾಚಿ, ಆಮೇಲೆ ಸ್ನಾನ, ಆಮೇಲೆ ಪೂರ್ತಿ ಒಣಗಿಸುವುದು. ಅರೆಬರೆ ಒಣಗಿದ ನಾಯಿಯನ್ನು ಹೊರಗೆ ಬಿಡಬೇಡಿ.

ಒಳಗೆ ಬಂದ ಕೂಡಲೇ ಕೋಟು, ಹಾರ್ನೆಸ್ ಎಲ್ಲ ತೆಗೆಯಿರಿ. ಇಪ್ಪತ್ತನಾಲ್ಕು ಗಂಟೆ ಸ್ವೆಟರ್‌ನಲ್ಲಿಟ್ಟ ಪೂಡಲ್ ಒಂದು ವಾರಕ್ಕೆ ಜಡೆಮುನಿ.

ರೆಸ್ಕ್ಯೂದಿಂದ ಬಂದದ್ದರ ಕಿವಿಯೇ ಜಡೆಗಟ್ಟಿದ್ದರೆ ಒಂದು ಎಚ್ಚರ. ಭಾರದ ಜಡೆ ತೆಗೆದ ಕೂಡಲೇ ಕಿವಿಗೆ ರಕ್ತ ನುಗ್ಗುತ್ತದೆ, ನಾಯಿ ಪಟಪಟ ತಲೆ ಕೊಡವುತ್ತದೆ, ಕಿವಿಯ ತುದಿಯಲ್ಲಿ ರಕ್ತ ತುಂಬಿ ಊದಿಕೊಳ್ಳುತ್ತದೆ. ಒಂದೆರಡು ದಿನ ತಲೆಗೆ ಹಗುರವಾದ ಬಟ್ಟೆಯ ಪಟ್ಟಿ ಸುತ್ತಿದರೆ ತಪ್ಪುತ್ತದೆ. ಗ್ರೂಮರ್ ಇದನ್ನು ತಾವಾಗಿ ಹೇಳಿದರೆ ಅವರು ಕೆಲಸ ಬಲ್ಲವರು.

ಊಟ, ಅಡುಗೆಮನೆ

ಹಳೆಯ ಆಹಾರವನ್ನು ಒಂದು ವಾರ ತೆಗೆದುಕೊಂಡು ಬದಲಿಸಿ: ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು, ಪೂರ್ತಿ. ಐದು ಕೆ.ಜಿ.ಯ ಸಂತಾನಹರಣವಾದ ನಾಯಿಗೆ ದಿನಕ್ಕೆ ಸುಮಾರು 370 ಕ್ಯಾಲೊರಿ, ಮೂರು ಕೆ.ಜಿ.ಯದಕ್ಕೆ 250ರ ಆಸುಪಾಸು, ತಿಂಡಿ ಸೇರಿ. ಚೀಲದ ಮೇಲೆ ಕಪ್ಪಿಗೆ ಎಷ್ಟು ಕ್ಯಾಲೊರಿ ಎಂದು ಬರೆದಿರುತ್ತದೆ. ಚಳಿ ಎಂದು ಹೆಚ್ಚು ಬಡಿಸಬೇಡಿ, ಒಳಗೆ ಮಲಗುವ ನಾಯಿಗೆ ಹೆಚ್ಚು ಬೇಕಿಲ್ಲ. ದಪ್ಪ ಕೂದಲಲ್ಲಿ ಕೊಬ್ಬು ಕಾಣುವುದಿಲ್ಲ, ಕೈಯಿಂದ ಪಕ್ಕೆಲುಬು ಮುಟ್ಟಿ ನೋಡಿ.

ಸಸ್ಯಾಹಾರಿ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮೊಸರನ್ನ ಒಂದರಿಂದ ನಾಯಿ ಬದುಕುವುದಿಲ್ಲ. ಎ.ಎ.ಎಫ್.ಸಿ.ಒ. (ಅಮೆರಿಕದಲ್ಲಿ ಪ್ರಾಣಿ ಆಹಾರದ ಮಾನದಂಡ ರೂಪಿಸುವ ಸಂಘ) ಮಾನದಂಡದಂತೆ "ಪರಿಪೂರ್ಣ" ಎಂದು ನಮೂದಿಸಿದ ಆಹಾರವನ್ನೇ ಕೊಡಿ, ಬೇಕಾದರೆ ಅದರ ಬಟ್ಟಲು, ಚಮಚ, ಇಡುವ ಜಾಗ ಬೇರೆ ಮಾಡಿ. ಸಸ್ಯಾಹಾರಿ ಪರಿಪೂರ್ಣ ಆಹಾರವೂ ಸಿಗುತ್ತದೆ, ವೆಟ್ ಜೊತೆ ಮಾತಾಡಿ ಶುರುಮಾಡಿ.

ನಮ್ಮ ಅಡುಗೆಮನೆಯಲ್ಲಿ ಅಪಾಯದ ವಸ್ತುಗಳು ಹೆಚ್ಚು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣ ಒಡೆಯುತ್ತವೆ. ಪಾಯಸದ, ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು ವಿಷವೈದ್ಯರು ಈಗ ಹೇಳುತ್ತಾರೆ, ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಹಾಗಾಗಿ ಸಾರು, ಹುಳಿ, ಗೊಜ್ಜು ಕಲಸಿದ ಅನ್ನ ಬೇಡ. ಊರಿಂದ ಬಂದ ಅಜ್ಜ-ಅಜ್ಜಿಗೆ ಇದನ್ನು ಮೊದಲ ದಿನವೇ ಹೇಳಿ, ಮೇಜಿನ ಕೆಳಗೆ ಕೈ ಹೋಗುವುದು ಅವರದೇ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್, ಚಾಕೊಲೇಟ್ ಕೂಡ ಪಟ್ಟಿಯಲ್ಲಿವೆ. ತಿಂದೇಬಿಟ್ಟರೆ ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. ಎ.ಎಸ್.ಪಿ.ಸಿ.ಎ. ವಿಷ ನಿಯಂತ್ರಣ ಕೇಂದ್ರದ ನಂಬರು 888-426-4435, ದಿನದ ಯಾವ ಹೊತ್ತಿಗೂ ಸಿಗುತ್ತಾರೆ, ಶುಲ್ಕ ಇರುತ್ತದೆ. ತಿಂದದ್ದರ ಪೊಟ್ಟಣ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.

ವೆಟ್, ಲೈಸೆನ್ಸ್

ಮೊದಲ ಹತ್ತು ದಿನದೊಳಗೆ ವೆಟ್ ಭೇಟಿ. ರೆಸ್ಕ್ಯೂ ಕೊಟ್ಟ ದಾಖಲೆ, ಆ ದಿನದ ಮಲದ ಮಾದರಿ ಕೊಂಡೊಯ್ಯಿರಿ. ದಕ್ಷಿಣದ ರಾಜ್ಯಗಳಿಂದ ಬಂದ ನಾಯಿಯಾದರೆ ಹಾರ್ಟ್‌ವರ್ಮ್ (ಸೊಳ್ಳೆಯಿಂದ ಹರಡುವ ಹೃದಯದ ಹುಳು) ಪರೀಕ್ಷೆ ಆರು ತಿಂಗಳ ಬಳಿಕ ಇನ್ನೊಮ್ಮೆ ಆಗಬೇಕು. ಹುಳು ದೊಡ್ಡದಾಗುವ ತನಕ ಪರೀಕ್ಷೆಗೆ ಸಿಗುವುದಿಲ್ಲ. ಸೊಳ್ಳೆ ಇಲ್ಲದ ಜನವರಿಯಲ್ಲೂ ತಿಂಗಳ ಮಾತ್ರೆ ತಪ್ಪಿಸಬೇಡಿ. ಗ್ರೂಮಿಂಗ್, ಬೋರ್ಡಿಂಗ್‌ಗೆ ಬಿಡುವ ನಾಯಿಗೆ ಕೆನ್ನೆಲ್ ಕೆಮ್ಮು ಮತ್ತು ಫ್ಲೂ ಲಸಿಕೆ ಕೇಳಿ. 2015ರಲ್ಲಿ ಎಚ್3ಎನ್2 ನಾಯಿ ಫ್ಲೂ ಅಮೆರಿಕದಲ್ಲಿ ಮೊದಲು ಹಬ್ಬಿದ್ದು ಶಿಕಾಗೊದಲ್ಲೇ. ಫ್ಲೂ ಲಸಿಕೆಗೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಆದ್ದರಿಂದ ಡಿಸೆಂಬರ್ ರಜೆಗೆ ಬಿಡುವುದಿದ್ದರೆ ಅಕ್ಟೋಬರಿನಲ್ಲೇ ಶುರುಮಾಡಿ.

ಇಲಿನಾಯ್‌ನಲ್ಲಿ ನಾಲ್ಕು ತಿಂಗಳು ದಾಟಿದ ಪ್ರತಿ ನಾಯಿಗೂ ರೇಬಿಸ್ ಲಸಿಕೆ ಕಡ್ಡಾಯ. ಶಿಕಾಗೊ ಇರುವ ಕುಕ್ ಕೌಂಟಿಯ ಟ್ಯಾಗನ್ನು ವೆಟ್ ಕೊಡುತ್ತಾರೆ. ನಗರದ ಲೈಸೆನ್ಸ್ ಬೇರೆ, ಅದು ಸಿಟಿ ಕ್ಲರ್ಕ್ ಕಚೇರಿಯದು: ಸಂತಾನಹರಣವಾದ ನಾಯಿಗೆ 5 ಡಾಲರ್, ಆಗದಿದ್ದದ್ದಕ್ಕೆ 50.

ಊರಿಗೆ ವಾಪಸಾಗುವುದಿದ್ದರೆ

ವೀಸಾ ಮೇಲಿರುವವರು ಇದನ್ನು ಮೊದಲೇ ಯೋಚಿಸಬೇಕು. ಎರಡು ವರ್ಷ ಹೊರದೇಶದಲ್ಲಿದ್ದು ಖಾಯಂ ವಾಪಸಾಗುವವರು ಸಾಕುನಾಯಿಯನ್ನು ಸಾಮಾನಿನ ಜೊತೆ ತರಲು ಭಾರತದಲ್ಲಿ ಅವಕಾಶವಿದೆ. ಪ್ರಾಣಿ ಕ್ವಾರಂಟೀನ್ ಇಲಾಖೆಯ ನಿರಾಕ್ಷೇಪಣಾ ಪತ್ರ, ಅಮೆರಿಕದ ಕೃಷಿ ಇಲಾಖೆ ಮೊಹರು ಹಾಕಿದ ಆರೋಗ್ಯ ಪತ್ರ ಬೇಕು. ರಜೆಗೆ ಹೋಗುವಾಗ ಮಾತ್ರ ನಾಯಿಯನ್ನು ಇಲ್ಲೇ ನಂಬಿಕಸ್ಥರ ಬಳಿ ಬಿಡುವುದೇ ಸರಿ. ಒಯ್ದರೆ ಮರಳಿ ತರುವುದು ಕಷ್ಟ. ಅಮೆರಿಕದ ಪಟ್ಟಿಯಲ್ಲಿ ಭಾರತ ರೇಬಿಸ್ ಅಪಾಯ ಹೆಚ್ಚಿರುವ ದೇಶ, 2024ರ ಆಗಸ್ಟ್‌ನಿಂದ ನಿಯಮ ಇನ್ನೂ ಬಿಗಿಯಾಗಿದೆ. ಲಸಿಕೆ ಅಮೆರಿಕದಲ್ಲೇ ಆಗಿದೆ ಎಂಬ ಸಿ.ಡಿ.ಸಿ. (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಪ್ರಮಾಣಪತ್ರವನ್ನು ದೇಶ ಬಿಡುವ ಮುಂಚೆಯೇ ಮಾಡಿಸಿಕೊಂಡಿರಬೇಕು, ಬೆಂಗಳೂರಿನಲ್ಲಿ ಕುಳಿತು ಮಾಡಿಸಲಾಗದು. ಚಿಪ್ ಹಾಕಿದ ಮೇಲೆ ಕೊಟ್ಟ ಲಸಿಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ದತ್ತು ಪಡೆಯುವ ದಿನವೇ ರೆಸ್ಕ್ಯೂದವರ ಕಾಗದದಲ್ಲಿ ಎರಡು ದಿನಾಂಕ ಹೋಲಿಸಿ ನೋಡಿ: ಚಿಪ್ ಹಾಕಿದ್ದು ಯಾವತ್ತು, ರೇಬಿಸ್ ಚುಚ್ಚಿದ್ದು ಯಾವತ್ತು.